ಹದಿನೇಳನೆಯ ಅಪಾಯ

ಕಂಪನಿಯಲ್ಲಿದ್ದವರು ಒಟ್ಟು ಹನ್ನೊಂದು ಜನ. ಅವರಲ್ಲಿ ಹತ್ತು ಜನರಿಗೆ ಹುದ್ದೆಯಿತ್ತು, ವಿಸಿಟಿಂಗ್ ಕಾರ್ಡಿತ್ತು, ಹೆಸರಿನ ಹಿಂದೆ ಪದವಿಗಳ ಬಾಲಂಗೋಚಿಯಿತ್ತು. ಹನ್ನೊಂದನೆಯವಳಿಗೆ ಇದ್ದದ್ದು ಒಂದು ಬಿಳಿ ಕೋಟು ಮತ್ತು ಒಂದು ಸಂಬಂಧ. ಎಲ್ಲರೂ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದರು. ಅಲ್ಲಿ ಬೆಳೆಸುವ ಜೀವಕೋಶಗಳನ್ನು ಹುಟ್ಟಿಸಿದ ಡಾಕ್ಟರು ಅವುಗಳ ಅಪ್ಪನಾದರೆ, ಉಣಿಸಿ ತಿನ್ನಿಸಿ ಸಾಕುವವಳು ಚಿಕ್ಕಮ್ಮನಲ್ಲದೆ ಇನ್ನೇನು ಎಂದು ಮೊದಲ ವರ್ಷ ಯಾರೋ ತಮಾಷೆ ಮಾಡಿದ್ದರು. ನಗು ಒಂದು ವಾರ ಇತ್ತು, ಹೆಸರು ಏಳು ವರ್ಷ ಉಳಿಯಿತು.

ಕಂಪನಿ ಎಂದರೆ ದೊಡ್ಡದೇನೂ ಅಲ್ಲ. ಟೈರ್ ಅಂಗಡಿಯ ಮೇಲೆ ಎರಡನೆಯ ಮಹಡಿ, ಐದು ಕೋಣೆ, ಲಿಫ್ಟಿಲ್ಲ. ಮೆಟ್ಟಿಲ ಮೇಲೆಲ್ಲ ರಬ್ಬರ್ ವಾಸನೆ, ಒಳಗೆ ಕಾಲಿಟ್ಟರೆ ಸ್ಪಿರಿಟ್ ವಾಸನೆ. ಎಷ್ಟು ತಿಂಗಳಾದರೂ ಮಾಯದೆ ಸತಾಯಿಸುವ ಗಾಯಗಳಿಗೆ ಡಾಕ್ಟರು ಒಂದು ಔಷಧಿ ಹುಡುಕಿದ್ದರು. ಅದನ್ನು ತಯಾರಿಸುವುದು ಯಂತ್ರವಲ್ಲ, ಜೀವಂತ ಕೋಶಗಳು. ಅಂಗೈಯಗಲದ ಚಪ್ಪಟೆ ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು ಅವು ಬೆಳೆಯುತ್ತವೆ. ಪ್ರತಿ ದಿನ ಹಳೆಯ ದ್ರವ ತೆಗೆದು ಹೊಸ ಗುಲಾಬಿ ಬಣ್ಣದ ಆಹಾರದ್ರವ ಹಾಕಬೇಕು. ಅವಕ್ಕೆ ರಜೆ ಗೊತ್ತಿಲ್ಲ, ಭಾನುವಾರ ಗೊತ್ತಿಲ್ಲ, ಮುನಿಸು ಮಾತ್ರ ಚೆನ್ನಾಗಿ ಗೊತ್ತು. ಏನಾದರೂ ಹೆಚ್ಚುಕಡಿಮೆಯಾದರೆ ಎರಡನೆಯ ದಿನಕ್ಕೆ ತಳ ಬಿಟ್ಟು ತೇಲತೊಡಗುತ್ತವೆ. ತೇಲಿದವೆಂದರೆ ಸತ್ತವೆಂದೇ ತಿಳಿಯಬೇಕು.

ಚಿಕ್ಕಮ್ಮನ ಕೈಯಲ್ಲಿ ಅವು ಎಂದೂ ತೇಲಿದ್ದಿಲ್ಲ. ಬೇರೆ ಯಾರು ಮುಟ್ಟಿದರೂ ಉಳಿದದ್ದಿಲ್ಲ. ಸ್ವತಃ ಡಾಕ್ಟರು ಎರಡು ಸಲ ಕೈ ಹಾಕಿ, ಎರಡು ಸಲವೂ ಸಾಯಿಸಿ, ಮೂರನೆಯ ಸಲ ಕೈಮುಗಿದು ದೂರ ನಿಂತಿದ್ದರು. "ಅದು ಚಿಕ್ಕಮ್ಮನ ಕೈಗುಣ" ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ಅಷ್ಟೆಲ್ಲ ವಿಜ್ಞಾನ ಓದಿದವರ ಬಾಯಲ್ಲಿ ಕೈಗುಣ! ಆದರೆ ಕೆಲಸ ಸಾಗುತ್ತಿರುವಾಗ ಕಾರಣ ಕೆದಕುವ ಪುರುಸೊತ್ತು ಯಾರಿಗಿರುತ್ತದೆ ಹೇಳಿ.

ಚಿಕ್ಕಮ್ಮ ಓದಿದ್ದು ಹತ್ತನೆಯ ತರಗತಿಯವರೆಗೆ. ಡಾಕ್ಟರು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಅಲ್ಲಿಯ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದಳು. ಅವಳ ಅಚ್ಚುಕಟ್ಟು ನೋಡಿ, ಕೆಲಸ ಬಿಟ್ಟು ಈ ಕಂಪನಿ ಕಟ್ಟಲು ಹೊರಟ ಡಾಕ್ಟರು ಅವಳನ್ನೂ ಕರೆದುಕೊಂಡು ಬಂದರು. ಆಗ ಅವಳಿಗೆ ನಲವತ್ತೇಳು. ಅದೇ ವರ್ಷ ಅವಳ ಮನೆಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಅಕ್ಕ ತಂಗಿ ಇಬ್ಬರೂ ಮದುವೆಯಿಲ್ಲದೆ ಒಂದೇ ಮನೆಯಲ್ಲಿ ಹಾಯಾಗಿದ್ದವರು. ಒಬ್ಬಳು ಕೂಗಾಡಿದರೆ ಇನ್ನೊಬ್ಬಳು ಮುಸುಕೆಳೆದುಕೊಂಡು ಮಲಗುವುದು, ಹೀಗೇ ಆಯುಸ್ಸು ಕಳೆಯುತ್ತದೆಂದು ತಂಗಿ ನಂಬಿದ್ದಳು. ಐವತ್ತೆರಡನೆಯ ವಯಸ್ಸಿನಲ್ಲಿ ಅಕ್ಕ, ಕನ್ನಡಕ ಮಾಡಿಸಲು ಹೋದವಳು, ಹೆಂಡತಿ ತೀರಿಕೊಂಡಿದ್ದ ಆ ಕನ್ನಡಕದಂಗಡಿಯವರನ್ನೇ ಮದುವೆಯಾಗಿ ಬೇರೆ ಊರಿಗೆ ಹೊರಟುಹೋದಳು. ತಂಗಿ ನಗುನಗುತ್ತಲೇ ಕಳಿಸಿಕೊಟ್ಟಳು. ಬಾಗಿಲು ಹಾಕಿಕೊಂಡ ಮೇಲೆ ಎರಡು ಕೋಣೆಯ ಆ ಮನೆ ಅವಳಿಗೆ ತುಂಬ ದೊಡ್ಡದಾಯಿತು. ಬೆಳಿಗ್ಗೆ ಐದಕ್ಕೆಲ್ಲ ಎಚ್ಚರವಾಗುತ್ತಿತ್ತು. ಎದ್ದು ಮಾತಾಡಲು ಯಾರಿಲ್ಲ, ಬೈಯಲು ಯಾರಿಲ್ಲ. ಆರೂವರೆಗೆ ಅವಳು ಕೆಲಸದಲ್ಲಿರುತ್ತಿದ್ದಳು. ಉಳಿದವರು ಬರುವುದು ಒಂಬತ್ತರ ಮೇಲೆ.

ಹೀಗೆ ಏಳು ವರ್ಷ ಸಾಗಿತು. ಅಷ್ಟರಲ್ಲಿ ಕಂಪನಿಯ ಹಣ ತಳ ಕಂಡಿತ್ತು. ಒಂದು ದೊಡ್ಡ ಹೂಡಿಕೆ ಸಂಸ್ಥೆ ದುಡ್ಡು ಹಾಕಲು ಮುಂದೆ ಬಂದು, ಅದಕ್ಕೂ ಮೊದಲು ಎಲ್ಲವನ್ನೂ ಜಾಲಾಡಲು ತನ್ನ ಮನುಷ್ಯನೊಬ್ಬನನ್ನು ಕಳಿಸಿತು. ಆತ ಯಾರ ಹತ್ತಿರ ಕೂತರೂ ಮಾತು ಶುರುವಾಗುತ್ತಿದ್ದದ್ದು "ಏನಾದ್ರೂ ಆದ್ರೆ?" ಎಂಬುದರಿಂದ. ಪೇಟೆಂಟಿಗೆ ಏನಾದ್ರೂ ಆದ್ರೆ? ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಏನಾದ್ರೂ ಆದ್ರೆ? ಸರ್ಕಾರ ಒಪ್ಪಿಗೆ ಕೊಡದೆ ಹೋದರೆ, ದೊಡ್ಡ ಕಂಪನಿಯೊಂದು ಇದೇ ಔಷಧಿಯನ್ನು ಮೊದಲು ತಂದುಬಿಟ್ಟರೆ? ಎರಡೇ ದಿನದಲ್ಲಿ ಅವನಿಗೆ ಏನಾದ್ರಪ್ಪ ಎಂದು ಹೆಸರು ಬಿತ್ತು. ಮನುಷ್ಯ ಕೆಟ್ಟವನಲ್ಲ. ಕೆಟ್ಟದ್ದನ್ನೇ ಯೋಚಿಸುವುದಕ್ಕೆ ಅವನಿಗೆ ಸಂಬಳ ಕೊಡುತ್ತಿದ್ದರು, ಅಷ್ಟೆ.

ಮೂರನೆಯ ದಿನ ಏನಾದ್ರಪ್ಪ ಚಿಕ್ಕಮ್ಮನ ಮುಂದೆ ಕೂತ.

"ನೀವು ನಾಳೆ ಬರಲಿಲ್ಲ ಅಂದ್ರೆ?"

"ಬರ್ತೀನಲ್ಲ."

"ಅಲ್ಲ, ಜ್ವರ ಬಂತು ಅಂತಿಟ್ಕೊಳ್ಳಿ."

"ಜ್ವರ ಬಂದಾಗ್ಲೂ ಬಂದಿದೀನಿ."

"ಬಸ್ಸಿಗೆ ಸಿಕ್ಕಿಬಿಟ್ರಿ."

ಚಿಕ್ಕಮ್ಮ ಸ್ವಲ್ಪ ಯೋಚಿಸಿ, "ಆಗ ಸತ್ತುಹೋಗ್ತಾವೆ" ಎಂದಳು. ತನ್ನ ಬಗ್ಗೆ ಅಲ್ಲ, ಜೀವಕೋಶಗಳ ಬಗ್ಗೆ. ಆತ ಗಂಭೀರವಾಗಿ ಬರೆದುಕೊಂಡ. ಶೀತಲ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿಟ್ಟ ಕೋಶಗಳಿವೆಯಲ್ಲ ಎಂದು ಡಾಕ್ಟರು ಸಮಜಾಯಿಷಿ ಹೇಳಿದರು. ಅವನ್ನು ಕರಗಿಸಿ ಬೆಳೆಸುವವರು ಯಾರು ಎಂದು ಆತ ಕೇಳಿದ. ಎಲ್ಲರೂ ಚಿಕ್ಕಮ್ಮನ ಮುಖ ನೋಡಿದರು.

ವಾರದ ನಂತರ ಅಪಾಯಗಳ ಪಟ್ಟಿ ಬಂತು. ಒಟ್ಟು ಹದಿನೇಳು. ಹದಿನಾರು ಅಪಾಯಗಳು ಎಲ್ಲ ಕಂಪನಿಗಳಿಗೂ ಇರುವಂಥವು, ಅವುಗಳೊಂದಿಗೆ ಬದುಕಬಹುದು ಎಂದಿತ್ತು. ಹದಿನೇಳನೆಯದು: ಉತ್ಪಾದನೆ ಸಂಪೂರ್ಣವಾಗಿ ಒಬ್ಬ ಉದ್ಯೋಗಿಯ ಮೇಲೆ ನಿಂತಿದೆ, ಆಕೆಯ ವಿಧಾನ ಎಲ್ಲಿಯೂ ದಾಖಲಾಗಿಲ್ಲ, ಎರಡು ತಿಂಗಳಲ್ಲಿ ಇದನ್ನು ಸರಿಪಡಿಸದಿದ್ದರೆ ಹೂಡಿಕೆ ಇಲ್ಲ. ಡಾಕ್ಟರು ಆ ಸಾಲನ್ನು ಓದಿ ಹೇಳಿದಾಗ ಚಿಕ್ಕಮ್ಮನಿಗೆ ಒಳಗೊಳಗೇ ಹಿಗ್ಗಾಯಿತು. ಇಷ್ಟು ದೊಡ್ಡವರ ಕಾಗದದಲ್ಲಿ ಅವಳಿಗೊಂದು ನಂಬರು ಸಿಕ್ಕಿತ್ತು. ಅಪಾಯವಾದರೇನಂತೆ, ಇಲ್ಲದಿದ್ದರೆ ನಡೆಯುವುದಿಲ್ಲ ಎಂದು ಅವಳ ಬಗ್ಗೆ ಯಾರೂ ಇಲ್ಲಿಯವರೆಗೆ ಬರೆದಿರಲಿಲ್ಲ.

ಸರಿಪಡಿಸುವ ಕೆಲಸ ಶುರುವಾಯಿತು. ಚಿಕ್ಕಮ್ಮ ತಾನು ಮಾಡುವುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಳು. ಕೈ ತೊಳೆಯುವುದು, ಆಹಾರದ್ರವವನ್ನು ಬಿಸಿನೀರಿನ ತೊಟ್ಟಿಯಲ್ಲಿ ಇಪ್ಪತ್ತು ನಿಮಿಷ ಇಟ್ಟು ಬೆಚ್ಚಗೆ ಮಾಡುವುದು, ಫ್ಲಾಸ್ಕನ್ನು ಎಷ್ಟು ಓರೆ ಹಿಡಿಯಬೇಕು, ದ್ರವವನ್ನು ಕೋಶಗಳ ಮೇಲೆ ಸುರಿಯದೆ ಗೋಡೆಗುಂಟ ಇಳಿಸಬೇಕು, ಎಲ್ಲ. ಒಟ್ಟು ನಲವತ್ತೆರಡು ಹಂತ. ಅದನ್ನು ನೋಡಿ ಮಾಡಲು ಹೊಸಬನೊಬ್ಬನನ್ನು ತೆಗೆದುಕೊಂಡರು. ವಯಸ್ಸು ನಲವತ್ತು ದಾಟಿತ್ತು, ಎರಡು ಮಕ್ಕಳ ತಂದೆ, ಆಸ್ಪತ್ರೆಯ ಲ್ಯಾಬಿನ ಭದ್ರವಾದ ಕೆಲಸ ಬಿಟ್ಟು ಬಂದಿದ್ದ. ಕೆಲಸದಲ್ಲಿ ಪಳಗಿದ ಕೈ. ನೋಟ್‌ಬುಕ್ಕನ್ನು ಕಣ್ಣಿಗೊತ್ತಿಕೊಳ್ಳುವವನಂತೆ ಹಿಡಿದು, ಒಂದಕ್ಷರ ತಪ್ಪದೆ ನಲವತ್ತೆರಡೂ ಮಾಡಿದ. ಎರಡನೆಯ ದಿನ ಕೋಶಗಳು ತೇಲಿದವು. ಮತ್ತೆ ಮಾಡಿದ, ಮತ್ತೆ ತೇಲಿದವು. ಐದು ಸಲ ಹೀಗೇ ಆಯಿತು.

"ಏನೋ ಒಂದನ್ನ ಇವರು ಬರೆದಿಲ್ಲ" ಎಂದ ಏನಾದ್ರಪ್ಪ. ಚಿಕ್ಕಮ್ಮ ಆಣೆ ಮಾಡುವುದೊಂದು ಬಾಕಿ. ಕೊನೆಗೆ ಅವಳು ಮಾಡುವುದನ್ನೇ ಕ್ಯಾಮೆರಾದಲ್ಲಿ ಹಿಡಿಯೋಣ ಎಂದು ತೀರ್ಮಾನವಾಯಿತು. ಕ್ಯಾಮೆರಾದವರು ಹತ್ತು ಗಂಟೆಗೆ ಬರುವವರು. ಅವರು ಬರುವ ಮೊದಲು ಏನನ್ನೂ ಮುಟ್ಟಬೇಡಿ, ಮೊದಲಿಂದ ಕೊನೆಯವರೆಗೆ ಎಲ್ಲ ದಾಖಲಾಗಬೇಕು ಎಂದು ಡಾಕ್ಟರು ಕೈಮುಗಿದು ಹೇಳಿದ್ದರು. ಆ ದಿನ ಅವಳು ಒಗೆದು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಎಂಟು ಜನರ ಕಣ್ಣೆದುರು, ಒಂದೂ ಬಿಡದೆ ನಲವತ್ತೆರಡು ಹಂತಗಳನ್ನೂ ಮುಗಿಸಿದಳು.

ಎರಡನೆಯ ದಿನ ಅವಳ ಫ್ಲಾಸ್ಕಿನಲ್ಲಿ ಕೋಶಗಳು ತೇಲುತ್ತಿದ್ದವು.

ಏಳು ವರ್ಷದಲ್ಲಿ ಮೊದಲ ಸಲ. ಕ್ಯಾಮೆರಾದ ದೃಷ್ಟಿ ತಾಗಿತು ಎಂದು ಯಾರೋ ನಗಿಸಲು ನೋಡಿದರು, ಯಾರೂ ನಗಲಿಲ್ಲ. ಎರಡು ತಿಂಗಳಲ್ಲಿ ಉಳಿದಿದ್ದದ್ದು ಹದಿನೈದೇ ದಿನ.

ಮರುದಿನ ಎಂದಿನಂತೆ ಆರೂವರೆಗೆ ಅವಳು ಬೀಗ ತೆಗೆದು ಒಳಗೆ ಬಂದಳು. ದೀಪ ಹಾಕಿದಳು, ಫ್ರಿಜ್ ತೆರೆದಳು, ಆಹಾರದ್ರವದ ಬಾಟಲಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಕುರ್ಚಿ ಎಳೆದುಕೊಂಡು ಕಿಟಕಿಯ ಹತ್ತಿರ ಕೂತಳು. ಕೆಳಗೆ ಟೈರ್ ಅಂಗಡಿಯವನು ಷಟರ್ ಎತ್ತುತ್ತಿದ್ದ. ಕೂತು ಸ್ವಲ್ಪ ಹೊತ್ತಾದ ಮೇಲೆ ಅವಳು ತಿರುಗಿ ಆ ಬಾಟಲಿಗಳನ್ನು ನೋಡಿದಳು. ಹಾಗೇ ನೋಡುತ್ತ ಉಳಿದಳು.

ಏಳು ವರ್ಷ ಪ್ರತಿ ದಿನ ಅವಳು ಮಾಡಿದ್ದು ಇದನ್ನೇ. ಕ್ಯಾಮೆರಾದವರು ಬಂದ ದಿನ ಮಾತ್ರ ಮಾಡಿರಲಿಲ್ಲ. ಬಂದ ಕೂಡಲೇ ಬಾಟಲಿ ಹೊರಗಿಡುವುದು, ಆಮೇಲೆ ಎರಡು ಗಂಟೆ ಸುಮ್ಮನೆ ಕೂರುವುದು, ಎಂಟೂವರೆಗೆ ಬಿಸಿನೀರಿನ ತೊಟ್ಟಿ ಹಾಕಿ ಕೆಲಸ ಶುರುಮಾಡುವುದು. ಅವಳ ಲೆಕ್ಕದಲ್ಲಿ ಕೆಲಸ ಶುರುವಾಗುತ್ತಿದ್ದದ್ದು ಎಂಟೂವರೆಗೆ, ಹಾಗಾಗಿ ಬರೆದದ್ದೂ ಅಲ್ಲಿಂದಲೇ. ಅದಕ್ಕೆ ಮುಂಚಿನದು ಕೆಲಸವಲ್ಲ, ಹೊತ್ತು ಕಳೆಯುವುದು. ಹೊತ್ತು ಕಳೆಯುವುದನ್ನು ಯಾರಾದರೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆಯೇ?

ಅವಳು ಆ ಬಾಟಲಿಗಳಿಂದಲೇ ಕೋಶಗಳಿಗೆ ಉಣಿಸಿದಳು. ಎರಡು ದಿನಕ್ಕೆ ಫ್ಲಾಸ್ಕಿನ ತಳ ತುಂಬಿಕೊಂಡಿತು, ಒಂದೂ ತೇಲಲಿಲ್ಲ. "ನೋಡಿದ್ರಾ, ಚಿಕ್ಕಮ್ಮನ ಕೈಯೇ ಕೈ" ಎಂದು ಎಲ್ಲರೂ ಸುತ್ತ ನೆರೆದರು. ಚಿಕ್ಕಮ್ಮ ಬಾಯಿ ಬಿಡಲಿಲ್ಲ. ಬಿಟ್ಟರೆ ಕೈಗುಣ ಎಂಬುದು ಇಲ್ಲವೇ ಇಲ್ಲ ಎಂದಾಗುತ್ತದೆ. ಬಾಟಲಿಯನ್ನು ಎರಡು ಗಂಟೆ ಮೊದಲು ಹೊರಗಿಡುವುದಕ್ಕೆ ಯಾರಾದರೇನು? ಅವಳೇ ಏಕೆ ಬೇಕು? ಬಿಡದಿದ್ದರೆ ಕಂಪನಿಯೇ ಮುಳುಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಆದರೂ ಆ ಎರಡು ದಿನ ಅವಳು ಸುಮ್ಮನಿದ್ದಳು. ತನ್ನ ಬಗ್ಗೆ ಅವಳಿಗೇ ಹೇಸಿಗೆಯಾಯಿತು, ಆದರೂ ಸುಮ್ಮನಿದ್ದಳು.

ಮೂರನೆಯ ದಿನ ಹೊಸಬನ ಆರನೆಯ ಫ್ಲಾಸ್ಕ್ ಸತ್ತಿತು. ಅವನು ಸಿಂಕಿನ ಮುಂದೆ ನಿಂತು ಕೈ ತೊಳೆಯುತ್ತಿದ್ದ. ತೊಳೆದ ಮೇಲೂ ತೊಳೆಯುತ್ತಲೇ ಇದ್ದ.

"ನನ್ನ ಕೈಯಲ್ಲೇ ಏನೋ ದೋಷ ಇದೆ ಚಿಕ್ಕಮ್ಮ" ಎಂದ. "ಮನೇಲಿ ಮಗುವನ್ನ ಎತ್ಕೊಳ್ಳೋಕೂ ಯಾಕೋ ಅಳುಕಾಗುತ್ತೆ."

ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. "ನಿಮ್ಮ ಕೈಗೆ ಏನೂ ಆಗಿಲ್ಲಪ್ಪ" ಎಂದಳು. "ಬನ್ನಿ, ಡಾಕ್ಟ್ರ ಹತ್ರ ಹೋಗೋಣ."

ಡಾಕ್ಟರ ಕೋಣೆಯಲ್ಲಿ ಏನಾದ್ರಪ್ಪನೂ ಇದ್ದ. ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಡಾಕ್ಟರು ಹಣೆ ಚಚ್ಚಿಕೊಂಡರು. ದ್ರವದಲ್ಲಿರುವ ಒಂದು ಅಂಶ ಫ್ರಿಜ್ಜಿನ ತಂಪಿಗೆ ಗಟ್ಟಿಯಾಗುತ್ತದೆ, ನಿಧಾನವಾಗಿ ಮಾತ್ರ ಕರಗುತ್ತದೆ, ಇಪ್ಪತ್ತು ನಿಮಿಷದ ಬಿಸಿನೀರಿಗೆ ದ್ರವ ಬೆಚ್ಚಗಾದರೂ ಅದು ಕರಗಿರುವುದಿಲ್ಲ. ಇಷ್ಟು ಸಣ್ಣ ವಿಷಯ ತಮಗೆ ಹೊಳೆಯಲಿಲ್ಲವಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಏನಾದ್ರಪ್ಪ ನೋಟ್‌ಬುಕ್ಕನ್ನು ಮುಂದೆಳೆದುಕೊಂಡು ಒಂದನೆಯ ಹಂತಕ್ಕಿಂತ ಮೇಲೆ ಹೊಸ ಸಾಲು ಬರೆದ. ಪ್ರತಿ ಹಂತದ ಎದುರಿಗೂ ಕಾರಣ ಬರೆಯುವ ಅಂಕಣವಿತ್ತು.

"ಎರಡು ಗಂಟೆ ಮುಂಚೆ ಬರ್ತಿದ್ದದ್ದು ಯಾಕೆ? ಯಾರಾದ್ರೂ ಹೇಳಿದ್ರಾ?"

"ಇಲ್ಲ."

"ಮತ್ತೆ?"

"ಮನೇಲಿ ಯಾರೂ ಇಲ್ವಲ್ಲ" ಎಂದಳು ಚಿಕ್ಕಮ್ಮ.

ಏನಾದ್ರಪ್ಪ ಆ ಅಂಕಣವನ್ನು ಖಾಲಿ ಬಿಟ್ಟು ಪುಟ ತಿರುಗಿಸಿದ.

ಹೊಸಬನ ಏಳನೆಯ ಫ್ಲಾಸ್ಕ್ ಬದುಕಿತು. ಎಂಟನೆಯದೂ ಬದುಕಿತು, ಒಂಬತ್ತನೆಯದಂತೂ ಕಣ್ತುಂಬ ಬೆಳೆಯಿತು. ಗಡುವಿಗೆ ಮೂರು ದಿನ ಮುಂಚೆ ಕಾಗದಗಳಿಗೆ ಸಹಿ ಬಿತ್ತು. ಹೂಡಿಕೆಯವರ ಹೊಸ ನಿಯಮಗಳೂ ಜೊತೆಗೇ ಬಂದವು. ಗಡಿಯಾರವಿಟ್ಟ ಪುಟ್ಟ ಪೆಟ್ಟಿಗೆಯೊಂದು ಬಂತು, ಅದು ಬೆಳಗಿನ ಜಾವವೇ ತಾನಾಗಿ ಬಾಟಲಿಗಳನ್ನು ಬೆಚ್ಚಗೆ ಮಾಡತೊಡಗಿತು. ಇನ್ನು ಮುಂದೆ ಆ ಕೋಣೆಯಲ್ಲಿ ಯಾರೂ ಒಂಟಿಯಾಗಿ ಕೆಲಸ ಮಾಡುವಂತಿಲ್ಲ ಎಂದೂ ಆಯಿತು. ಚಿಕ್ಕಮ್ಮನ ಹತ್ತಿರವಿದ್ದ ಬಾಗಿಲ ಕೀಲಿಯನ್ನು ಕಚೇರಿಯವರು ಸಹಿ ಹಾಕಿಸಿಕೊಂಡು ಪಡೆದರು.

ಎಲ್ಲರೂ ಸೇರಿದ್ದಾಗ ಡಾಕ್ಟರು ಅವಳ ಕಡೆ ತಿರುಗಿ, "ಈ ಕಂಪನಿ ಉಳಿಸಿದ್ದು ನೀವು" ಎಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನಿಮ್ಮನ್ನ ಏಳು ವರ್ಷ ದುಡಿಸ್ಕೊಂಡೆ ಚಿಕ್ಕಮ್ಮ. ಇನ್ನು ಆರೂವರೆಗೆ ಬರೋದು ಬೇಡ. ಎಲ್ರ ಹಾಗೆ ಒಂಬತ್ತೂವರೆಗೆ ಬನ್ನಿ. ಭಾನುವಾರ ಅಂತೂ ಬರಲೇಬೇಡಿ, ಮನೇಲಿ ಆರಾಮಾಗಿರಿ." ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮ, ಏನು ಮಾಡಬೇಕೆಂದು ತೋಚದೆ, ತಾನೂ ಎರಡು ಸಲ ತಟ್ಟಿದಳು.

ಮೊದಲ ಭಾನುವಾರ ಬಂತು. ಐದಕ್ಕೆ ಎಚ್ಚರವಾಯಿತು. ಗುಡಿಸಿದಳು, ಒರೆಸಿದಳು, ಅಕ್ಕನ ಮಂಚದ ಮೇಲಿನ ಹೊದಿಕೆ ಕೊಡವಿ ಮತ್ತೆ ಹಾಸಿದಳು. ಎಲ್ಲ ಮುಗಿದಾಗ ಇನ್ನೂ ಏಳು ಗಂಟೆ. ಒಂದು ಸಲ ಸ್ನಾನ ಮಾಡಿ, ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬೀದಿಯ ತುದಿಯವರೆಗೆ ಹೋಗಿ ವಾಪಸು ಬಂದಳು. ಆ ಇಡೀ ದಿನ ಅವಳು ಯಾರೊಂದಿಗೂ ಒಂದು ಮಾತೂ ಆಡಲಿಲ್ಲ. ಸಂಜೆ ಯಾವುದೋ ರಾಂಗ್ ನಂಬರ್ ಬಂದಾಗ "ಹಲೋ" ಎಂದ ತನ್ನ ದನಿ ತನಗೇ ಕರ್ಕಶವಾಗಿ ಕೇಳಿಸಿತು.

ಸೋಮವಾರ ಒಂಬತ್ತೂವರೆಗೆ ಅವಳು ಒಳಗೆ ಬರುವಷ್ಟರಲ್ಲಿ ಹೊಸಬ ಫ್ಲಾಸ್ಕನ್ನು ಮೈಕ್ರೋಸ್ಕೋಪಿನಡಿ ಇಟ್ಟುಕೊಂಡು ಕಾಯುತ್ತಿದ್ದ. ಅವಳಿಗೆ ತೋರಿಸುವುದಕ್ಕೆಂದೇ ಇಟ್ಟಿದ್ದ. ಮುಖ ಅರಳಿತ್ತು, ಸಂತೋಷ ತಡೆಯಲಾಗದೆ ಕುರ್ಚಿ ಬಿಟ್ಟು ಎದ್ದು ಅವಳನ್ನು ಕೂರಿಸಿದ.

"ನೋಡಿ ಚಿಕ್ಕಮ್ಮ, ಹೇಗೆ ತುಂಬ್ಕೊಂಡಿದಾವೆ! ನಿನ್ನೆ ನೀವು ಬರಲೇ ಇಲ್ಲ. ಅವಕ್ಕೆ ಗೊತ್ತೇ ಆಗಿಲ್ಲ!"

ಚಿಕ್ಕಮ್ಮ ಬಗ್ಗಿ ಕಣ್ಣಿಟ್ಟಳು. ಅವನು ಹಿಂದೆ ನಿಂತು ಹೊಗಳಿಕೆಗೆ ಕಾಯುತ್ತಿದ್ದ.

"ಹೌದಪ್ಪ" ಎಂದಳು, ತಲೆಯೆತ್ತದೆ. "ಗೊತ್ತೇ ಆಗಿಲ್ಲ."