ದೃಷ್ಟಿ ಬೊಟ್ಟು

ನನ್ನ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ಜೋಗುಪಾಳ್ಯದಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಅವರ ಮನೆಮಾತು ತಮಿಳು, ಹಾಗಾಗಿ ಮುದ್ದಿಗೆ ಅವರಿಗೆ ಎಲ್ಲರೂ ‘ಕಣ್ಣು’. ಮಗುವೂ ಕಣ್ಣು, ನಾನೂ ಕಣ್ಣು, ಗ್ಯಾಸ್ ತರುವವನೂ ಕಣ್ಣು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು “ಇಲ್ನೋಡು ಕಣ್ಣು” ಅಂದರೆ ಸಾಕು, ಅದು ಅಳು ನಿಲ್ಲಿಸಿ ಅವರನ್ನೇ ನೋಡುತ್ತಿತ್ತು.

ನನ್ನನ್ನು ಮಾತ್ರ ನೋಡುತ್ತಿರಲಿಲ್ಲ. ಅದಕ್ಕಾಗ ಒಂದೂವರೆ ತಿಂಗಳು. ನಾನು ಎಷ್ಟು ಬಗ್ಗಿದರೂ ಅದರ ನೋಟ ಹಣೆ ದಾಟಿ ನನ್ನ ಕೂದಲಂಚಿಗೆ ಹೋಗಿ ನಿಲ್ಲುತ್ತಿತ್ತು. ಒಂದು ದಿನ ಅತ್ತೇಬಿಟ್ಟೆ.

“ಕಣ್ಣಲ್ಲೇನಾದ್ರೂ ತೊಂದ್ರೆ ಇದ್ಯೇನೋ ಅಜ್ಜಿ. ಡಾಕ್ಟರಿಗೆ ತೋರಿಸ್ತೀನಿ.”

“ತೋರ್ಸು ಕಣ್ಣು. ಆದ್ರೆ ನೋಡೋಕೆ ನಿನ್ ಮುಖದಲ್ಲಿ ಏನಿಟ್ಟಿದ್ದೀಯ?”

ಅವರ ಹಣೆಯಲ್ಲಿ ನಾಣ್ಯದಷ್ಟಗಲ ಕುಂಕುಮ. ನನ್ನದು ಖಾಲಿ. ಮಗುವಿನ ಕೆನ್ನೆಗೆ ಇಡಲು ಬೆರಳಿಗೆ ತೆಗೆದಿದ್ದ ಕಾಡಿಗೆಯನ್ನು ಅಜ್ಜಿ ನನ್ನ ಹಣೆಗೆ ಒತ್ತಿದರು. “ದೃಷ್ಟಿ ಬೀಳ್ಬಾರ್ದು ಅಂದ್ರೆ ಅದಕ್ಕಿಡ್ಬೇಕು. ಬೀಳ್ಬೇಕು ಅಂದ್ರೆ ನಿಂಗಿಡ್ಬೇಕು.”

ಮಗು ಬೊಟ್ಟನ್ನು ನೋಡಿತು. ಬಹಳ ಹೊತ್ತು ನೋಡಿತು. ಆಮೇಲೆ ಅದರ ನೋಟ ಮೆಲ್ಲಗೆ ಜಾರಿ ನನ್ನ ಕಣ್ಣಿಗೆ ಬಂತು. ಅಜ್ಜಿ ಏನೂ ಆಗಿಲ್ಲವೆಂಬಂತೆ ಬಿಸಿನೀರು ಬೆರೆಸುತ್ತಿದ್ದರು.

ಈಗ ಅವರ ಬಗ್ಗೆ ಬರೆಯೋಣವೆಂದು ಮುಖ ನೆನಪಿಸಿಕೊಳ್ಳುತ್ತಿದ್ದೇನೆ. ಮೂಗು ಹೇಗಿತ್ತು, ಮುಂದಿನ ಹಲ್ಲು ಇತ್ತೋ ಇಲ್ಲವೋ, ಒಂದೂ ಹೊಳೆಯುತ್ತಿಲ್ಲ. ಮೂರು ತಿಂಗಳು ದಿನಾ ನೋಡಿದವಳು ನಾನು. ನನಗೂ ಆ ಕುಂಕುಮವೊಂದೇ ಕಾಣುತ್ತಿದೆ.