ಎರಡು ಡಿಗ್ರಿ ಕೊಸರು

ನಾನು ಮೂವತ್ತು ಎಂದು ಬರೆದರೆ ಅದು ಮೂವತ್ತೇ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಜಹೀರಾಬಾದಿನ ಹೆದ್ದಾರಿ ಪಕ್ಕದಲ್ಲಿ ನನ್ನದೊಂದು ಸಣ್ಣ ಗ್ಯಾರೇಜಿದೆ. ರೇಸಿಗೆ ಹೋಗುವ ಮೋಟರ್‌ಸೈಕಲ್ಲುಗಳ ಇಂಜಿನ್ನಿನಲ್ಲಿ ಕಿಡಿ ಯಾವ ಗಳಿಗೆಗೆ ಹಾರಬೇಕು ಎಂಬುದನ್ನು ಲ್ಯಾಪ್‌ಟಾಪಿನಲ್ಲಿ ಬರೆದು ಇಂಜಿನ್ನನ್ನು ನಡೆಸುವ ಪುಟ್ಟ ಕಂಪ್ಯೂಟರ್ ಡಬ್ಬಿಗೆ ತುಂಬಿಕೊಡುವುದು ನನ್ನ ಕೆಲಸ. ಹೊಸದಾಗಿ ಬಂದವರು ಮೊದಲು ಲ್ಯಾಪ್‌ಟಾಪ್ ನೋಡುತ್ತಾರೆ, ಆಮೇಲೆ ನನ್ನನ್ನು, ಆಮೇಲೆ ನನ್ನ ಬೆನ್ನ ಹಿಂದೆ ಯಾವನಾದರೂ ಗಂಡಸು ನಿಂತಿದ್ದಾನೆಯೇ ಎಂದು ಇಣುಕುತ್ತಾರೆ. ಅಲ್ಲಿ ಗಾಳಿ ತುಂಬುವ ಯಂತ್ರ ಬಿಟ್ಟರೆ ಬೇರೇನೂ ಇಲ್ಲ.

ಇದೇನು ಅಂಥ ದೊಡ್ಡ ಕೆಲಸ ಎನ್ನುವವರಿಗೆ ನಾನು ಪಂಚಮಿಯ ಜೋಕಾಲಿ ನೆನಪಿಸುತ್ತೇನೆ. ಜೋಕಾಲಿ ಹಿಂದಕ್ಕೆ ಬಂದು ಇನ್ನೇನು ತಿರುಗುತ್ತದೆ ಎನ್ನುವಾಗ ನೂಕಿದರೆ ಮುಗಿಲು ಮುಟ್ಟುತ್ತದೆ. ನಮ್ಮ ಕಡೆ ಬರುತ್ತಿರುವಾಗಲೇ ಅವಸರಪಟ್ಟು ನೂಕಿದರೆ ಮಣಿಕಟ್ಟು ಉಳುಕುತ್ತದೆ. ಪಿಸ್ಟನ್ನಿನದೂ ಅದೇ ಕತೆ. ಅದು ಮೇಲಿನ ತುದಿ ಮುಟ್ಟುವ ತುಸು ಮುಂಚೆ ಕಿಡಿ ಹಾರಬೇಕು. ಎಷ್ಟು ಮುಂಚೆ ಎಂಬುದನ್ನು ಡಿಗ್ರಿಗಳಲ್ಲಿ ಬರೆಯುತ್ತೇವೆ. ಡಿಗ್ರಿ ಹೆಚ್ಚಿಸಿದಷ್ಟೂ ಬಲ ಬರುತ್ತದೆ, ಒಂದು ಮಿತಿಯವರೆಗೆ. ಮಿತಿ ದಾಟಿದರೆ ಒಳಗೆ ಜಲ್ಲಿ ಕುಟ್ಟಿದ ಹಾಗೆ ಸದ್ದು ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೆ ಪಿಸ್ಟನ್ ಕರಗಿ ತೂತು ಬೀಳುತ್ತದೆ. ಒಂದೊಂದು ವೇಗಕ್ಕೂ ಒಂದೊಂದು ಅಂಕಿ. ಒಂದೊಂದು ಅಂಕಿಗೂ ಇಂಜಿನ್ ಓಡಿಸಿ, ಕಿವಿಗೊಟ್ಟು ಕೇಳಿ, ಮತ್ತೆ ಓಡಿಸಿ ಬರೆಯಬೇಕು.

ಆ ವರ್ಷ ತಾಂಡೂರಿನ ತೊಗರಿ ಸಾಹುಕಾರರೊಬ್ಬರು ತಮ್ಮ ರೇಸ್ ಗಾಡಿಯನ್ನು ನನಗೆ ಒಪ್ಪಿಸಿದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು, ರೇಸಿನ ಹುಚ್ಚು. ಕೈ ಬಹಳ ಧಾರಾಳ. ಅವರ ಅಂಗಡಿಯಲ್ಲಿ ಬೇಳೆ ತೂಗಿದ ಮೇಲೆ ಒಂದು ಬೊಗಸೆ ಕೊಸರು ಹಾಕದೆ ಯಾವ ಗಿರಾಕಿಯನ್ನೂ ಕಳಿಸಿದ್ದಿಲ್ಲ. ತೂಕದಷ್ಟೇ ಕೊಟ್ಟರೆ ಮನೆತನಕ್ಕೆ ಅವಮಾನ ಎಂದು ನಂಬಿದವರು. ಗಾಡಿ ಓಡಿಸುವವನು ಸಿರ್ಗಾಪುರದ ಕಡೆಯ ಕುರಿ ಸಾಕುವ ಮನೆಯವನು, ಇಪ್ಪತ್ತಾರರ ಪ್ರಾಯ, ಮಾತು ಕಡಿಮೆ. ಹೈದರಾಬಾದಿನ ಒಂದು ರೇಸ್ ತಂಡದವರು ಅವನ ಮೇಲೆ ಕಣ್ಣಿಟ್ಟಿದ್ದರು. ತಾಂಡೂರು, ನಾರಾಯಣಖೇಡ, ಈ ಎರಡು ರೇಸುಗಳಲ್ಲಿ ಒಂದನ್ನಾದರೂ ಗೆದ್ದರೆ ತಂಡಕ್ಕೆ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಎರಡರಲ್ಲೂ ಸೋತರೆ ಆ ಬಾಗಿಲು ಮುಚ್ಚಿದಂತೆಯೇ.

ಮೂರು ದಿನ ಕೂತು ಅಂಕಿಗಳನ್ನು ಕೂಡಿಸಿದೆ. ಪೂರ್ತಿ ವೇಗದಲ್ಲಿ ಮೂವತ್ತೆರಡಕ್ಕೆ ಇಂಜಿನ್ ಕುಟ್ಟುತ್ತಿತ್ತು, ಮೂವತ್ತಕ್ಕೆ ಹಾಡುತ್ತಿತ್ತು. ಮೂವತ್ತು ಬರೆದೆ. ಇಂಜಿನ್ನಿನ ಬಿಸಿ ಎಷ್ಟಿದೆ ಎಂದು ನೋಡಿಕೊಳ್ಳಲಿ ಎಂದು ಸಾಹುಕಾರರ ಮೊಬೈಲಿಗೂ ಆ ಡಬ್ಬಿಯ ಸಂಪರ್ಕ ಕೊಟ್ಟೆ. ಅದರಿಂದ ಅಂಕಿಗಳನ್ನೂ ಬದಲಿಸಬಹುದಿತ್ತು. ಅದು ನನ್ನ ದಡ್ಡತನ, ಒಪ್ಪುತ್ತೇನೆ.

ತಾಂಡೂರಿನ ರೇಸು ಹಳೆಯ ಕಲ್ಲುಗಣಿಯ ಪಕ್ಕದ ಬಯಲಿನಲ್ಲಿ, ಸುಡು ಬಿಸಿಲಿನಲ್ಲಿ ನಡೆಯಿತು. ನಮ್ಮ ಗಾಡಿ ಮುಂದಿತ್ತು. ಕೊನೆಯ ಸುತ್ತಿನಲ್ಲಿ ಬಿಳಿ ಹೊಗೆ ಉಗುಳಿ ನಿಂತೇಬಿಟ್ಟಿತು. ನಾನು ಓಡಿ ಹೋಗುವಷ್ಟರಲ್ಲಿ ಸಾಹುಕಾರರು ನೆರೆದವರ ಎದುರು ಭಾಷಣ ಶುರು ಮಾಡಿದ್ದರು. "ಎಲ್ಲಾರೂ ಹೇಳಿದ್ರು ನನಗ, ಹೆಣ್ಮಗಳ ಕೈಯಾಗ ಇಂಜಿನ್ ಕೊಡಬ್ಯಾಡ ಅಂತ. ಕೇಳಲಿಲ್ಲ ನಾ. ನೋಡ್ರಿ, ಏನಾತು!"

ನಾನು ಲ್ಯಾಪ್‌ಟಾಪ್ ಜೋಡಿಸಿ ಡಬ್ಬಿಯೊಳಗಿನ ಅಂಕಿಗಳನ್ನು ಓದಿದೆ. ಪ್ರತಿ ಖಾನೆಯಲ್ಲೂ ನಾನು ಬರೆದದ್ದಕ್ಕಿಂತ ಎರಡು ಹೆಚ್ಚಿತ್ತು.

"ಇದನ್ನ ಯಾರು ಮುಟ್ಯಾರ?" ಎಂದೆ. ಸಾಹುಕಾರರಿಗೆ ನಾಚಿಕೆಯೂ ಆಗಲಿಲ್ಲ.

"ನಾನs ಹಾಕೀನ್ರಿ. ಎರಡs ಡಿಗ್ರಿ. ನಮ್ಮ ಅಂಗಡ್ಯಾಗ ಬರೇ ತೂಕ ಕೊಟ್ಟು ಯಾರನ್ನೂ ಕಳಸಂಗಿಲ್ಲ. ಇಂಜಿನ್ನಿಗೂ ಜರಾ ಕೊಸರು ಇರ್ಲಿ ಅಂದ್ನಿ. ಎರಡು ಡಿಗ್ರಿಗೆ ಸಾಯೂವಂಥ ಇಂಜಿನ್ ಅದೆಂಥಾ ಇಂಜಿನ್ನು?"

ಸುತ್ತ ನಿಂತವರು ನಕ್ಕರು. ನನ್ನ ಮೈ ಉರಿದುಹೋಯಿತು. ಬೇಳೆಯ ಮೇಲೆ ಬೇಳೆ ಬಿದ್ದರೆ ಚೀಲ ತುಂಬುತ್ತದೆ, ಸರಿ. ಈ ಮನುಷ್ಯ ನನ್ನ ಮೂರು ದಿನದ ದುಡಿಮೆಯ ಮೇಲೆ ಒಂದು ಬೊಗಸೆ ಸುರಿದು, ಓಡಿಸಿದವನ ಎರಡರಲ್ಲೊಂದು ಅವಕಾಶ ಕಳೆದು, ಮೇಲೆ ನನ್ನ ಹೆಣ್ಣುತನಕ್ಕೆ ಬೊಟ್ಟು ಮಾಡುತ್ತಿದ್ದರು. ಗಂಡಸೊಬ್ಬ ಮೂವತ್ತು ಎಂದಿದ್ದರೆ ಮುಟ್ಟುತ್ತಿದ್ದರೇ? ಅಂಕಿ ತೋರಿಸಿದ ಮೇಲೂ ನೆರೆದವರಲ್ಲಿ ಒಬ್ಬನಾದರೂ ತಪ್ಪು ಅವರದು ಎನ್ನಲಿಲ್ಲ. "ಹೋಗ್ಲಿ ಬಿಡ್ರಿ ಅಕ್ಕಾರ, ಪರೇಶಾನ್ ಆಗಬ್ಯಾಡ್ರಿ" ಎಂದು ನನಗೇ ಸಮಾಧಾನ ಹೇಳಿದರು. ಓಡಿಸಿದವನು ಮಾತ್ರ ಲ್ಯಾಪ್‌ಟಾಪಿನ ಪರದೆಯನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದ. ನಾನು ಅವನ ಕಡೆ ಲಕ್ಷ್ಯ ಕೊಡಲಿಲ್ಲ. ನನ್ನ ಸಿಟ್ಟೇ ನನಗೆ ಸಾಕಷ್ಟಿತ್ತು.

ಇಂಜಿನ್ ಬಿಚ್ಚಿ ಹೊಸ ಪಿಸ್ಟನ್ ಕೂರಿಸಿದೆ. ನಾರಾಯಣಖೇಡದ ರೇಸಿಗೆ ಅಂಕಿ ಬರೆಯಲು ಕೂತಾಗ ಒಂದು ಉಪಾಯ ಹೊಳೆಯಿತು. ಈ ಮನುಷ್ಯನ ಕೈ ಸುಮ್ಮನಿರುವುದಿಲ್ಲ. ಮೊಬೈಲಿನ ಸಂಪರ್ಕ ತೆಗೆದರೆ ಗುಟ್ಟಾಗಿ ಬೇರೆ ಯಾರಿಂದಲೋ ಹಾಕಿಸುತ್ತಾರೆ. ಇರಲಿ, ಹಾಕಲಿ. ಎಲ್ಲ ಖಾನೆಯಲ್ಲೂ ಎರಡೆರಡು ಕಡಿಮೆ ಬರೆದೆ. ಇಪ್ಪತ್ತೆಂಟು. ಅವರು ಕೊಸರು ಹಾಕಿದ ಮೇಲೆ ನನ್ನ ಮೂವತ್ತಾಗುತ್ತದೆ. ಗೆದ್ದ ಮೇಲೆ ಎಲ್ಲರೆದುರು ಲೆಕ್ಕ ಬಿಚ್ಚಿಟ್ಟು ಅವರ ಮುಖ ನೋಡಬೇಕೆಂದು ಯಾರಿಗೂ ಹೇಳಲಿಲ್ಲ. ಓಡಿಸುವವನಿಗೂ ಹೇಳಲಿಲ್ಲ.

ರೇಸಿನ ದಿನ ಸಾಹುಕಾರರು ಗಾಡಿಯ ಸುತ್ತ ಮೊಬೈಲು ಹಿಡಿದು ಸುಳಿದಾಡುವುದನ್ನು ನೋಡಿ ಒಳಗೊಳಗೇ ನಕ್ಕೆ. ಕೆಮ್ಮಣ್ಣಿನ ಹಾದಿಯಲ್ಲಿ ನಮ್ಮವನು ಚೆನ್ನಾಗಿ ಓಡಿಸಿದ, ತಿರುವುಗಳಲ್ಲಿ ಎಲ್ಲರನ್ನೂ ಹಿಂದಿಕ್ಕಿದ. ಕೊನೆಯ ನೇರ ಹಾದಿಯಲ್ಲಿ ಪಕ್ಕದ ಗಾಡಿ ನಿಧಾನವಾಗಿ ಮುಂದೆ ಸರಿಯಿತು. ಅರ್ಧ ಚಕ್ರದ ಅಂತರದಲ್ಲಿ ಸೋತೆವು.

ಸೀದಾ ಸಾಹುಕಾರರ ಹತ್ತಿರ ಹೋದೆ. "ಈ ಸಲ ಎಷ್ಟು ಹಾಕಿದ್ರಿ?"

"ದೇವರಾಣಿ, ನಾ ಮುಟ್ಟಿಲ್ರಿ. ಮುಟ್ಟೋಣಂದ್ರ ಗಾಡಿ ಓಡಸಾಂವ ಬಿಟ್ಟರಲ್ಲ? ಹೋದ ವಾರನs ನಮ್ಮ ಮನೀಗೆ ಬಂದು, ನನ್ನ ಮೊಬೈಲ್ನಾಗಿಂದ ಡಬ್ಬಿ ಕನೆಕ್ಷನ್ ತೆಗಸ್ಯಾನ. ಅಕ್ಕ ಬರದದ್ದs ಖರೆ, ಅದರ ಮ್ಯಾಲ ಯಾರ ಕೈನೂ ಬೀಳಬಾರದು ಅಂತ ನನ್ನ ಕಡೆ ಆಣಿ ಮಾಡಿಸ್ಯಾನ. ಇವತ್ತು ಬರೇ ಫೋಟೋ ಹೊಡೀಲಾಕ ನಿಂತಿದ್ನಿ."

ಅಷ್ಟರಲ್ಲಿ ಅವನೇ ಹೆಲ್ಮೆಟ್ ಕೈಯಲ್ಲಿ ಹಿಡಿದು ಬಂದ. ಮುಖದ ತುಂಬ ಕೆಂಪು ಧೂಳು. ಸೋತದ್ದಕ್ಕೆ ಯಾರನ್ನೂ ಬೈಯಲಿಲ್ಲ.

"ಅಕ್ಕಾ, ಕಡೀಗೆ ಇಂಜಿನ್ ಜರಾ ಮೆತ್ತಗಾತು. ನಾನs ಎಲ್ಲೋ ಚುಕ್ಕೀನಿ ಅನಸ್ತದ. ಮೂವತ್ತs ಇತ್ತಲ್ರೀ?"

ಹೌದು ಎಂದುಬಿಡಬಹುದಿತ್ತು. ತಪ್ಪು ತನ್ನದೇ ಎಂದು ಅವನು ಆಗಲೇ ಒಪ್ಪಿಕೊಂಡಿದ್ದ.

"ಇಪ್ಪತ್ತೆಂಟು" ಎಂದೆ. ಯಾಕೆ ಹಾಗೆ ಬರೆದೆ ಎಂಬುದನ್ನೂ ಹೇಳಿದೆ.

ಅವನು ಕೈಗವಸು ಬಿಚ್ಚಿ ಹೆಲ್ಮೆಟ್ಟಿನೊಳಗೆ ಹಾಕಿ, ಹೈದರಾಬಾದಿನವರು ನಿಂತಿದ್ದ ಕಡೆ ನೋಡಿದ. ಅವರು ಗೆದ್ದವನ ಜೊತೆ ಮಾತಾಡುತ್ತಿದ್ದರು. ನನಗೆ ಉತ್ತರ ಕೊಟ್ಟವರು ಸಾಹುಕಾರರು. ಅವರ ದನಿಯಲ್ಲಿ ಹಂಗಿಸುವುದೇನೂ ಇರಲಿಲ್ಲ, ನಿಜವಾಗಿಯೂ ಗಾಬರಿಯಾದಂತಿತ್ತು.

"ಅಂವಗ ತೂಕದಾಗs ಕಡಿಮಿ ಕೊಟ್ರ್ಯಾ, ಅಕ್ಕಾರ?"

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆವತ್ತಿನಿಂದ ಪ್ರಯತ್ನಿಸುತ್ತಲೇ ಇದ್ದೇನೆ, ಆಗುತ್ತಿಲ್ಲ.