ಎರಡು ಎಡತೋಳಿನ ಅಂಗಿ

ನನ್ನ ಸೋದರತ್ತೆಯ ಜೊತೆ ಬಸ್ಸಿನಲ್ಲಿ ಹೋಗುವುದೆಂದರೆ ನನಗೆ ಪ್ರಾಣಸಂಕಟ. ಮುಂದಿನ ಸೀಟಿನಲ್ಲಿ ಕೂತವರ ಕಾಲರನ್ನು ಎರಡು ಬೆರಳಲ್ಲಿ ಮೆಲ್ಲಗೆ ಮಗುಚಿ ಒಳಗಿನ ಹೊಲಿಗೆ ನೋಡಿಬಿಡುತ್ತಿದ್ದಳು. ಅವರು ತಿರುಗಿ ದುರುಗುಟ್ಟಿದರೆ, "ಯಾರು ಹೊಲಿದಿದ್ದು ಇದನ್ನ? ಚೆನ್ನಾಗಿದೆ" ಎನ್ನುತ್ತಿದ್ದಳು. ಬೈಯಲು ಬಾಯಿ ತೆರೆದವರು ಟೈಲರಿನ ವಿಳಾಸ ಹೇಳಿ ಇಳಿದುಹೋಗುತ್ತಿದ್ದರು. ಯಾವುದೇ ವಸ್ತುವಿನ ಒಳಮೈ ನೋಡದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ. ಬೀದಿಯವರು ಅವಳನ್ನು ಕರೆಯುತ್ತಿದ್ದದ್ದೇ ತನಿಖೆ ಟೈಲರಮ್ಮ ಎಂದು.

ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬಟ್ಟೆ ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ, ಹಳೆಯದೊಂದು ಹೊಲಿಗೆ ಯಂತ್ರ, ಕಿಟಕಿಯ ಪಕ್ಕ ಕಂತಿನಲ್ಲಿ ಕೊಂಡ ಕಾಜಾ ಮೆಷಿನ್. ಮೂವತ್ತು ವರ್ಷ ಅಂಗಿಗಳ ಗುಂಡಿ ತೂರಿಸುವ ಕಾಜಾಗಳನ್ನು ಕೈಯಲ್ಲೇ ಹೊಲಿದು ಅವಳ ಬೆರಳಿನ ಗೆಣ್ಣುಗಳು ಊದಿಕೊಂಡಿದ್ದವು. ಸೂಜಿ ಇರಲಿ, ಪೆನ್ನು ಹಿಡಿಯುವುದೂ ಕಷ್ಟ. ಆ ಮೆಷಿನ್ ಹೋದರೆ ಅಂಗಡಿಗೆ ಬೀಗವೇ ಗತಿ.

ಒಂದು ತಿಂಗಳು ಗಿರಾಕಿಯೊಬ್ಬರು ದುಡ್ಡು ಕೊಡುವುದು ತಡವಾಗಿ, ಕಂತಿನ ದಿನ ಅವಳ ಖಾತೆಯಲ್ಲಿ ನಲವತ್ತು ರೂಪಾಯಿ ಕಡಿಮೆ ಬಿತ್ತು. ಬ್ಯಾಂಕು ಕಂತನ್ನು ವಾಪಸ್ ಕಳಿಸಿ ಆರುನೂರು ದಂಡ ಹಿಡಿಯಿತು. ಮೆಷಿನ್ ಮಾರಿದ ಕಂಪನಿ ವಾರ ಬಿಟ್ಟು ಬ್ಯಾಂಕನ್ನು ಮತ್ತೆ ಕೇಳಿತು. ದಂಡ ಹೋಗಿ ಇನ್ನೂ ಸೊರಗಿದ್ದ ಖಾತೆಯಲ್ಲಿ ಕಂತಿಗೆ ಸಾಲುವಷ್ಟು ಎಲ್ಲಿಂದ ಬರಬೇಕು? ಮತ್ತೆ ವಾಪಸ್, ಮತ್ತೆ ದಂಡ. ಹೀಗೆ ನಾಲ್ಕು ಸಲ. ತಿಂಗಳ ಕೊನೆಗೆ ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿದಾಗಲೇ ಅತ್ತೆಗೆ ಗೊತ್ತಾದದ್ದು. ಅಷ್ಟರಲ್ಲಿ ಕಂಪನಿಯವರ ಕಾಗದವೂ ಬಂದಿತ್ತು: ಇನ್ನೊಂದು ತಿಂಗಳಲ್ಲಿ ಬಾಕಿ ತೀರಿಸದಿದ್ದರೆ ಮೆಷಿನ್ ಎತ್ತಿಕೊಂಡು ಹೋಗುತ್ತೇವೆ. ಮನೆಯಲ್ಲಿ ಆಗ ಯಾರ ಕೈಯಲ್ಲೂ ಕಾಸಿರಲಿಲ್ಲ.

ನಾನಾಗಿದ್ದರೆ ಅಳುತ್ತಿದ್ದೆ. ಅತ್ತೆ ಪಾಸ್‌ಬುಕ್ಕನ್ನು ಬೆಳಕಿಗೆ ಹಿಡಿದು, "ಆರುನೂರು ಅಂತ ಹೇಗೆ ಗೊತ್ತಾಯ್ತು ಇವರಿಗೆ? ಐನೂರೂ ಅಲ್ಲ, ಏಳುನೂರೂ ಅಲ್ಲ" ಎಂದಳು.

ಮರುದಿನ ಟ್ರಂಕಿನಿಂದ ಹಳೆಯ ಅಂಗಿಯೊಂದನ್ನು ತೆಗೆದು ಚೀಲಕ್ಕೆ ಹಾಕಿಕೊಂಡು, ನನ್ನನ್ನೂ ಎಳೆದುಕೊಂಡು ಬ್ಯಾಂಕಿಗೆ ಹೊರಟಳು. ಖಾತೆ ವಿಭಾಗದ ಆಫೀಸರು ದಪ್ಪ ಕನ್ನಡಕದ ಸಾಧು ಮನುಷ್ಯ. ಅತ್ತೆ ಅವರ ಮೇಜಿನ ಮೇಲೆ ಅಂಗಿಯನ್ನು ಹರವಿದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನೋಡಿ ಸಾರ್. ಬಟ್ಟೆ ಮಡಚೋದು ಮರೆತು ಕತ್ತರಿ ಹಾಕ್ದೆ. ಎರಡೂ ಎಡತೋಳೇ ಆಯ್ತು. ಆ ಬಟ್ಟೆಯ ಬೆಲೆ ಗಿರಾಕಿಗೆ ಕೊಟ್ಟೆ. ನಮ್ಮ ಕಸುಬಲ್ಲಿ ಅದೇ ಪದ್ಧತಿ. ಕೆಡಿಸಿದಷ್ಟು ಕೊಡ್ಬೇಕು, ಅದಕ್ಕಿಂತ ಹೆಚ್ಚು ಯಾರೂ ಕೇಳಲ್ಲ. ಈಗ ಹೇಳಿ, ನನ್ನ ಕಂತು ವಾಪಸ್ ಹೋದಾಗ ನಿಮ್ಮಲ್ಲಿ ಏನು ಕೆಟ್ಟೋಯ್ತು?"

ಆಫೀಸರು ಅಂಗಿಯನ್ನೂ ಅವಳನ್ನೂ ನೋಡಿದರು. "ಅದು ರೂಲು ಅಮ್ಮಾ."

"ರೂಲು ಇರ್ಲಿ, ಖರ್ಚು ಎಷ್ಟಾಯ್ತು? ಯಾರಾದ್ರೂ ಕೂತು ಬರೆದ್ರಾ? ಕಾಗದ ಖರ್ಚಾಯ್ತಾ?"

"ಇಲ್ಲಮ್ಮಾ, ಕಂಪ್ಯೂಟರೇ ಮಾಡುತ್ತೆ."

"ಎಷ್ಟು ಹೊತ್ತು ಹಿಡಿಯುತ್ತೆ ಅದಕ್ಕೆ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನನಗೆ ಗೊತ್ತಿಲ್ಲಮ್ಮಾ. ನಿಜವಾಗ್ಲೂ ಗೊತ್ತಿಲ್ಲ."

ಅತ್ತೆಗೆ ಕೋಪ ಬರಲಿಲ್ಲ. ಬದಲಿಗೆ ಹುರುಪು ಹತ್ತಿತು. ಇಡೀ ಬ್ಯಾಂಕಿಗೇ ಗೊತ್ತಿಲ್ಲದ ವಿಷಯವೊಂದಿದೆ ಎಂಬುದೇ ಅವಳಿಗೆ ದೊಡ್ಡ ಸುದ್ದಿ. ಮನೆಗೆ ಬಂದವಳೇ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಕಚೇರಿಗೆ ನನ್ನ ಕೈಯಲ್ಲಿ ಪತ್ರ ಬರೆಸಿದಳು. ದಂಡ ವಾಪಸ್ ಕೊಡಿಸಿ, ಆರುನೂರರ ಲೆಕ್ಕವನ್ನೂ ಕೊಡಿಸಿ. ಅಷ್ಟೇ. ಬ್ಯಾಂಕು ಲಿಖಿತ ಉತ್ತರ ಕೊಡಬೇಕೆಂದು ಕಚೇರಿ ಹೇಳಿತು. ದಿನಾ ಸಂಜೆ ಅವಳದು ಅದೇ ಜಪ: "ಎಷ್ಟಿರಬಹುದೇ? ಹತ್ತು? ನೂರು?" ನಾನು ಮೆಷಿನ್ನಿನ ಚಿಂತೆಯಲ್ಲಿ ಸಿಡುಕುತ್ತಿದ್ದೆ.

ಗಡುವಿಗೆ ಎರಡು ದಿನ ಇರುವಾಗ ಆ ಆಫೀಸರೇ ಅಂಗಡಿಗೆ ಬಂದರು. ಕೈಯಲ್ಲೊಂದು ಕಾಗದ. ನಾಲ್ಕೂ ದಂಡ ಇವತ್ತೇ ಖಾತೆಗೆ ವಾಪಸ್. ಆದರೆ ದೂರು ಹಿಂತೆಗೆದುಕೊಳ್ಳಬೇಕು, ಈ ವಿಷಯವನ್ನು ಮತ್ತೆ ಎತ್ತಬಾರದು.

"ಲೆಕ್ಕ?" ಅತ್ತೆ ಕೇಳಿದಳು.

"ದುಡ್ಡೇ ಬರ್ತಿದೆಯಲ್ಲಮ್ಮಾ, ಲೆಕ್ಕ ಯಾಕೆ?"

"ನಾನು ಸಹಿ ಹಾಕ್ದೆ ಇದ್ರೆ?"

"ಉತ್ತರ ಬರೋಕೆ ಇನ್ನೂ ಎರಡು ತಿಂಗಳಾಗ್ಬಹುದು."

ಅತ್ತೆ ಕಾಗದವನ್ನು ಎರಡು ಸಲ ಓದಿದಳು. ಕಾಜಾ ಮೆಷಿನ್ ಕಡೆ ನೋಡಿದಳು. ನಾನು, "ಹಾಕು ಅತ್ತೆ, ಸುಮ್ನೆ ಹಾಕು" ಎಂದೆ. ಊದಿದ ಬೆರಳುಗಳಲ್ಲಿ ಪೆನ್ನು ಹಿಡಿದು ಅವಳು ಒಂದೊಂದೇ ಅಕ್ಷರ ಎಳೆದಳು. ಆ ದುಡ್ಡಿಂದ ಬಾಕಿ ತೀರುತ್ತಿತ್ತು; ಮೆಷಿನ್ ಉಳಿಯಿತು. ನನಗೆ ನಿರಾಳವಾಗಬೇಕಿತ್ತು, ಆಗಲಿಲ್ಲ. ಜೀವನವಿಡೀ ಯಾರೂ ಅವಳ ಬಾಯಿ ಮುಚ್ಚಿಸಿರಲಿಲ್ಲ, ನಾನೂ ಸೇರಿ ಮುಚ್ಚಿಸಿದ್ದೆ.

ಕಾಗದ ಸಿಕ್ಕಿದ ಮೇಲೂ ಆಫೀಸರು ಏಳಲಿಲ್ಲ.

"ಹೋದ ತಿಂಗಳು ನನ್ನ ಅಕೌಂಟಲ್ಲೂ ಆರುನೂರು ಕತ್ತರಿಸಿದ್ದಾರೆ" ಎಂದರು.

ಅತ್ತೆ ತಟ್ಟನೆ ತಲೆಯೆತ್ತಿದಳು. "ನಿಮ್ಮ ಬ್ಯಾಂಕೇ? ನಿಮಗೇ?"

"ಹೂಂ. ಮಗಳ ಫೀಸಿನ ಚೆಕ್ಕು ವಾಪಸ್ ಬಂತು. ನೀವು ಬಂದು ಹೋದ್ಮೇಲೆ ನಾನೂ ಮೇಲಿನವರನ್ನ ಕೇಳ್ದೆ, ಲೆಕ್ಕ ಏನು ಅಂತ."

"ಏನಂದ್ರು?"

"ರೂಲು ಅಂದ್ರು."

ಅತ್ತೆ ನಕ್ಕಳು. ಆಮೇಲೆ ಅವರೂ ನಕ್ಕರು. ನಕ್ಕು ಮುಗಿದ ಮೇಲೆ ತಗ್ಗಿದ ದನಿಯಲ್ಲಿ, "ಆ ದೂರು ಹೇಗೆ ಬರೆದ್ರಿ ಅಂತ ಸ್ವಲ್ಪ ಹೇಳ್ತೀರಾ?" ಎಂದರು.

"ನಾನು ಎತ್ತೋ ಹಾಗಿಲ್ಲ, ಈಗ ತಾನೇ ಬರೆದುಕೊಟ್ಟೆ" ಎಂದು ಅತ್ತೆ ನನ್ನ ಕಡೆ ತಿರುಗಿದಳು. "ಇವಳು ಬರೆದುಕೊಟ್ಟಿಲ್ಲ."

ನಾನು ಯಾರೂ ಹೇಳದೆಯೇ ಹಾಳೆ ತಂದೆ. ಕತ್ತರಿಸುವ ಮೇಜಿನ ಮೇಲಿದ್ದ ಬಟ್ಟೆಗಳನ್ನು ಬದಿಗೆ ಸರಿಸಿ ಕೂತೆ.

"ಹೆಸರು?" ಎಂದು ಕೇಳಿದೆ.

ಆಫೀಸರು ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ತಮ್ಮ ಪೂರ್ತಿ ಹೆಸರನ್ನೂ ಹುದ್ದೆಯನ್ನೂ ನಿಧಾನವಾಗಿ ಹೇಳಿ ಬರೆಸಿದರು.